ತೊಗರಿ ಹೊಲದ ಬೇಟೆ: ಯಂತ್ರದ ತಪ್ಪೆಷ್ಟು, ಆಮಿಷದ ತಪ್ಪೆಷ್ಟು?

ಬೇಟೆಯೇ ನಿಷೇಧವಾಗಿರುವ ದೇಶದಲ್ಲಿ ಕೂತು ‘ನ್ಯಾಯವಾದ ಬೇಟೆ ಯಾವುದು’ ಅಂತ ಕೇಳುವುದು ವಿಚಿತ್ರ ಅನ್ನಿಸಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಈಗ ಚಿಗರಿ (ಕೃಷ್ಣಮೃಗ) ಹೊಡೆದರೂ ತಪ್ಪು, ಮೊಲ ಹಿಡಿದರೂ ತಪ್ಪು, ಉಡ ಹಿಡಿದರೂ ತಪ್ಪು. ಹಾಗಿದ್ದಮೇಲೆ ದುರ್ಬೀನು ಕೂರಿಸಿದ ಬಂದೂಕು ಸರಿಯೋ, ಕಾಳು ಚೆಲ್ಲಿ ಕರೆಯುವುದು ಸರಿಯೋ ಅನ್ನುವ ಚರ್ಚೆಯನ್ನು ಅಮೆರಿಕದವರಿಗೆ ಬಿಟ್ಟು ಸುಮ್ನೆ ಇರಬಹುದಲ್ವಾ?

ಇರಲಾಗುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಹೊಲಗಳಲ್ಲಿ ಶಿಕಾರಿ ನಿಂತಿಲ್ಲ. ಅದರ ರೂಪ ಮಾತ್ರ ಬದಲಾಗಿದೆ. ಅದರ ಜೊತೆಗೆ, ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಬಿಡಿ ಅನ್ನುವ ರೈತರ ಕೂಗೂ ಇದೆ. ಆ ಕೂಗಿನಲ್ಲಿ ನ್ಯಾಯವಿದೆ. ಆದರೆ ಕೊಲ್ಲುವುದೇ ಆದರೆ ಹೇಗೆ ಕೊಲ್ಲಬೇಕು ಅನ್ನುವುದನ್ನು ಯಾರಾದರೂ ಯೋಚಿಸಬೇಕು. ನಾವು ‘ಕೊಲ್ಲಬಹುದೋ, ಬಾರದೋ’ ಅನ್ನುವಲ್ಲಿಗೇ ನಿಲ್ಲುತ್ತೇವೆ.

ಅಮೆರಿಕದ ಕಥೆಯನ್ನು ಮೊದಲು ಮುಗಿಸೋಣ. ಅಲ್ಲಿ ಪರವಾನಗಿ ಪಡೆದು ಬೇಟೆಯಾಡಬಹುದು. 1902ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಮಿಸಿಸಿಪ್ಪಿಗೆ ಕರಡಿ ಬೇಟೆಗೆ ಹೋದರು. ಅವರಿಗೆ ಒಂದೂ ಸಿಗಲಿಲ್ಲ. ಜೊತೆಗಿದ್ದವರು ನಾಯಿ ಬಿಟ್ಟು ಒಂದು ಕರಡಿಯನ್ನು ಹಣ್ಣುಗಾಯಿ ಮಾಡಿ, ಮರಕ್ಕೆ ಕಟ್ಟಿ, ಬಂದು ಹೊಡೆಯಿರಿ ಅಂದರು. ಕಟ್ಟಿದ ಪ್ರಾಣಿಗೆ ಗುಂಡು ಹೊಡೆಯಲಾರೆ ಅಂದರು ರೂಸ್ವೆಲ್ಟ್. ಅದು ಪತ್ರಿಕೆಯಲ್ಲಿ ವ್ಯಂಗ್ಯಚಿತ್ರವಾಯಿತು, ಅದರಿಂದಲೇ ಟೆಡ್ಡಿ ಬೇರ್ ಗೊಂಬೆ ಹುಟ್ಟಿತು. ಈ ಕಥೆ ಹೇಳುವವರು ಕೊನೆಯ ತುಂಡನ್ನು ಬಿಟ್ಟುಬಿಡುತ್ತಾರೆ. ಆ ಕರಡಿ ಬದುಕಲಿಲ್ಲ. ಅದರ ನರಳಾಟ ನೋಡಲಾಗದೆ ಕೊಂದುಬಿಡಿ ಅಂತ ರೂಸ್ವೆಲ್ಟೇ ಹೇಳಿದರು. ಅಂದರೆ ಬೇಟೆಗಾರನ ಮರ್ಯಾದೆ ಉಳಿಯಿತು, ಕರಡಿ ಉಳಿಯಲಿಲ್ಲ. ನ್ಯಾಯದ ಬೇಟೆ ಅನ್ನುವ ಮಾತಿನಲ್ಲಿ ಈ ತೊಡಕು ಮೊದಲಿನಿಂದಲೂ ಇದೆ.

ಇದೇ ರೂಸ್ವೆಲ್ಟ್ 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು ಅಲ್ಲಿನ ಬೇಟೆ ನೀತಿಗೆ ತಳಹದಿ ಹಾಕಿತು. ಅದರ ತಿರುಳು ಇಷ್ಟೇ: ತನ್ನ ಪಾಡಿಗೆ ಓಡಾಡುವ ಪ್ರಾಣಿಗೆ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು, ಬೇಟೆಗಾರ ಅನ್ಯಾಯದ ಮೇಲುಗೈ ಪಡೆಯಬಾರದು. ಯಾವುದು ಅನ್ಯಾಯ ಅನ್ನುವುದರ ಮೇಲೆ ಅಲ್ಲಿ ಇವತ್ತಿಗೂ ಜಗಳವಿದೆ. 2005ರ ಹೊತ್ತಿಗೆ ಟೆಕ್ಸಾಸಿನಲ್ಲಿ ಒಬ್ಬರು, ಮನೆಯಲ್ಲಿ ಕೂತು ಇಂಟರ್ನೆಟ್ಟಿನಿಂದಲೇ ಬಂದೂಕು ಹಾರಿಸುವ ವ್ಯವಸ್ಥೆ ಮಾಡಿದ್ದರು. ಒಂದಾದ ಮೇಲೊಂದು ರಾಜ್ಯ ಅದನ್ನು ನಿಷೇಧಿಸಿತು. 2013ರಲ್ಲಿ ಟ್ರ್ಯಾಕಿಂಗ್ ಪಾಯಿಂಟ್ ಅನ್ನುವ ಕಂಪನಿ ಕಂಪ್ಯೂಟರ್ ಕೂರಿಸಿದ ರೈಫಲ್ ಮಾರುಕಟ್ಟೆಗೆ ತಂದಿತು. ಗುರಿಯ ಮೇಲೆ ಒಮ್ಮೆ ಗುರುತು ಹಾಕಿದರೆ ಸಾಕು. ನಳಿಕೆ ಸರಿಯಾಗಿ ಅಲ್ಲಿಗೆ ಬಂದಾಗಲೇ ಗುಂಡು ಹಾರುತ್ತದೆ. ಕೈ ನಡುಗಿದರೂ ಚಿಂತೆಯಿಲ್ಲ. ಡ್ರೋನ್ ಹಾರಿಸಿ ಪ್ರಾಣಿ ಹುಡುಕುವುದನ್ನು ಕೊಲರಾಡೊ ಮುಂತಾದ ರಾಜ್ಯಗಳು 2014ರ ಸುಮಾರಿಗೆ ತಡೆದವು.

ನಮಗೆ ಹತ್ತಿರದ ಉದಾಹರಣೆ ಅರಿಝೋನಾದ್ದು. ಅದು ಒಣ ನಾಡು. ಪ್ರಾಣಿಗಳು ನೀರಿಗೆ ಬಂದೇ ಬರಬೇಕು. ಅಲ್ಲಿ ನೀರಿನ ಹೊಂಡಗಳ ಸುತ್ತ ಬೇಟೆಗಾರರ ಕ್ಯಾಮೆರಾಗಳು ಜಾಸ್ತಿಯಾಗಿ, ಯಾವ ಪ್ರಾಣಿ ಎಷ್ಟು ಗಂಟೆಗೆ ಬರುತ್ತದೆ ಅನ್ನುವುದು ಮೊದಲೇ ಗೊತ್ತಾಗುತ್ತಿತ್ತು. ಕೊನೆಗೆ 2022ರಿಂದ ಬೇಟೆಗಾಗಿ ಇಂಥ ಕ್ಯಾಮೆರಾ ಬಳಸುವುದನ್ನೇ ನಿಲ್ಲಿಸಿದರು. ನಮ್ಮ ಕಡೆ ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ದಾಟುತ್ತದೆ. ಹಳ್ಳಗಳು ಬತ್ತಿ, ಉಳಿದ ಒಂದೆರಡು ಗುಂಡಿಗಳ ಹತ್ತಿರ ಚಿಗರಿ, ಮೊಲ, ನವಿಲು, ಕೌಜುಗ ಎಲ್ಲವೂ ಸೇರುತ್ತವೆ. ಅಲ್ಲಿ ಕಾದು ಕೂರುವವನು ಕಾಳು ಚೆಲ್ಲಬೇಕಾಗಿಲ್ಲ. ಬಿಸಿಲೇ ಅವನಿಗೆ ಆಮಿಷ ಒದಗಿಸುತ್ತದೆ.

ಇದನ್ನು ನಮ್ಮ ಕಾನೂನು ಮಾಡಿದವರು ಅರಿಝೋನಾಕ್ಕಿಂತ ಎಷ್ಟೋ ಮೊದಲೇ ಕಂಡಿದ್ದರು. ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ. 1972ರ ಕಾಯ್ದೆ ಬಂದಾಗ ಬೇಟೆ ಪೂರ್ತಿ ನಿಂತಿರಲಿಲ್ಲ. ಕೆಲವು ಪ್ರಾಣಿಗಳನ್ನು ಲೈಸೆನ್ಸ್ ಪಡೆದು ಹೊಡೆಯಬಹುದಿತ್ತು. ಹಾಗೆ ಹೊಡೆಯುವವರಿಗೆ 17ನೇ ಸೆಕ್ಷನ್ನಿನಲ್ಲಿ ಉದ್ದದ ಷರತ್ತುಗಳಿದ್ದವು. ವಾಹನದಲ್ಲಿ ಕೂತು ಹೊಡೆಯಬಾರದು. ಜೀಪು ಓಡಿಸಿ ಹಿಂಡನ್ನು ಬೆದರಿಸಬಾರದು. ಕೆಲವು ವಿನಾಯಿತಿ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ ಬೇಟೆಯಿಲ್ಲ, ದೀಪ ಹಾಕುವ ಹಾಗಿಲ್ಲ. ವಿಷ, ಸಿಡಿಮದ್ದು, ಬಲೆ, ಉರುಳು ಇಲ್ಲ. ಬೇಟೆಗಾಗಿ ಹುಲ್ಲಿಗೆ ಬೆಂಕಿ ಇಡುವ ಹಾಗಿಲ್ಲ. ಪ್ರಾಣಿ ಉಪ್ಪು ನೆಕ್ಕಲು ಬರುವ ಜಾಗ, ನೀರಿನ ಗುಂಡಿ, ಅಲ್ಲಿಗೆ ಹೋಗುವ ದಾರಿ, ಅಲ್ಲೆಲ್ಲ ಹೊಡೆಯುವ ಹಾಗಿಲ್ಲ. ಓದಿದರೆ ಅಮೆರಿಕದ ಕ್ಲಬ್ಬಿನವರು ಬರೆದಂತಿದೆ. 1991ರ ತಿದ್ದುಪಡಿಯಲ್ಲಿ ಬೇಟೆ ಪೂರ್ತಿ ನಿಷೇಧವಾಯಿತು. ಲೈಸೆನ್ಸಿನ ಜೊತೆಗೆ ಈ ಷರತ್ತುಗಳೂ ಪುಸ್ತಕದಿಂದ ಹೋದವು. ಹೋಗಲೇಬೇಕಲ್ಲ, ಬೇಟೆಯೇ ಇಲ್ಲದ ಮೇಲೆ ಅದರ ಷರತ್ತು ಯಾಕೆ?

ಈಗ ಉಳಿದಿರುವುದು ಬೇಟೆಯ ವ್ಯಾಖ್ಯಾನ. ಅದು ದೊಡ್ಡದು. ಕೊಲ್ಲುವುದಷ್ಟೇ ಬೇಟೆ ಅಲ್ಲ. ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಒಂದು ಪ್ರಾಣಿಯೂ ಸಿಗದಿದ್ದರೂ ಅಪರಾಧ ಆಗಿಹೋಗಿರುತ್ತದೆ. ಚಿಗರಿಯಂಥ, ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. 2022ರ ತಿದ್ದುಪಡಿ ಬರುವ ತನಕ ಈ ದಂಡ 10,000 ಇತ್ತು.

ಆದರೂ ಬೇಟೆ ನಡೆಯುತ್ತದೆ. ನಮ್ಮ ಎರೆ ಭೂಮಿಯ ಪ್ರಾಣಿಗಳು ಹೆಚ್ಚಿನವು ಅಭಯಾರಣ್ಯದೊಳಗಿಲ್ಲ. ಈ ಭಾಗದಲ್ಲಿ ದೊಡ್ಡ ಕಾಡು ಅಂದರೆ ಚಿಂಚೋಳಿ. 2011ರಲ್ಲಿ ಅದು ವನ್ಯಜೀವಿಧಾಮವಾಯಿತು, ವಿಸ್ತಾರ ಸುಮಾರು 135 ಚದರ ಕಿಲೋಮೀಟರ್. ಚಿಗರಿ ಹಿಂಡುಗಳು ಇರುವುದು ತೊಗರಿ, ಜೋಳ, ಸೋಯಾ ಹೊಲಗಳಲ್ಲಿ. ಹಂದಿ ಕಬ್ಬಿನಲ್ಲಿ ಮಲಗುತ್ತದೆ. ಅಲ್ಲಿ ಗಾರ್ಡು ಇಲ್ಲ, ಗೇಟು ಇಲ್ಲ. ರಾತ್ರಿ ಒಂದು ಬೈಕು ಹೊಲದ ದಾರಿಗೆ ಇಳಿದರೆ ಯಾರೂ ಕೇಳುವುದಿಲ್ಲ.

ಈ ಬೇಟೆಯ ಉಪಕರಣ ಏನು? ಕಂಪ್ಯೂಟರ್ ರೈಫಲ್ ಅಲ್ಲ ಬಿಡಿ. ತಲೆಗೆ ಕಟ್ಟುವ ಎಲ್‌ಇಡಿ ಟಾರ್ಚು. ಬೆಳಕು ಕಣ್ಣಿಗೆ ಬಿದ್ದ ಮೊಲ ಓಡುವುದನ್ನು ಮರೆತು ನಿಂತುಬಿಡುತ್ತದೆ. ಏರ್‌ಗನ್ನು. ಬೈಕಿನ ಕ್ಲಚ್ ವೈರಿನಿಂದ ಮಾಡಿದ ಉರುಳು. ಬುರ್ಲಿ ಹಕ್ಕಿಯ ಕೂಗನ್ನು ಮೊಬೈಲಿಗೆ ಇಳಿಸಿಕೊಂಡು ಬ್ಲೂಟೂತ್ ಸ್ಪೀಕರಿನಲ್ಲಿ ಹಾಕಿದರೆ ಹಕ್ಕಿಗಳು ತಾವಾಗಿ ಬಲೆಯ ಹತ್ತಿರ ಬಂದು ಇಳಿಯುತ್ತವೆ. ಹಿಂದೆ ಈ ಕೂಗನ್ನು ಬಾಯಲ್ಲಿ ಕೂಗುವವರಿದ್ದರು. ಸಾಕಿದ ಕೌಜುಗವನ್ನು ಗೂಡಿನಲ್ಲಿಟ್ಟು ಕೂಗಿಸುತ್ತಿದ್ದರು. ಅದು ಕಲಿಯಲು ವರ್ಷಗಳೇ ಬೇಕಿತ್ತು, ಕಲಿತವರು ಊರಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು. ಈಗ ಸ್ಪೀಕರ್ ಇದ್ದವರೆಲ್ಲ ಆ ಒಬ್ಬರೇ ಆಗಬಹುದು.

ಯಂತ್ರ ತರುವ ನಿಜವಾದ ಬದಲಾವಣೆ ಇಲ್ಲಿದೆ. ಮೊದಲು ಬೇಟೆಗೆ ಕಸುಬು ಬೇಕಿತ್ತು. ಹೆಜ್ಜೆ ಓದಬೇಕು, ಗಾಳಿ ನೋಡಬೇಕು, ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕು. ಆ ಕಷ್ಟವೇ ಪ್ರಾಣಿಗಳಿಗೆ ಒಂದು ಬೇಲಿಯಾಗಿತ್ತು. ಯಾವ ಕಾನೂನೂ ಇಲ್ಲದ ಕಾಲದಲ್ಲಿ ಅವುಗಳನ್ನು ಉಳಿಸಿದ್ದರಲ್ಲಿ ಮನುಷ್ಯನ ಸೋಮಾರಿತನದ ಪಾಲೂ ಇದೆ.

ಹಳೆಯ ಕಾಲದ ಬೇಟೆಯೆಲ್ಲ ನ್ಯಾಯದ್ದಾಗಿತ್ತು ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರು ಜಾಸ್ತಿ, ಆದರೆ ಇತಿಹಾಸ ಅವರ ಕಡೆ ಇಲ್ಲ. ರಾಜರು ಚಿಗರಿ ಹಿಡಿಯಲು ಚೀತಾ ಸಾಕುತ್ತಿದ್ದರು. ಚಿಗರಿ ಎತ್ತಿನ ಬಂಡಿಗೆ ಹೆದರುವುದಿಲ್ಲ, ಅದಕ್ಕೇ ಚೀತಾದ ಕಣ್ಣಿಗೆ ಬಟ್ಟೆ ಕಟ್ಟಿ ಬಂಡಿಯಲ್ಲಿ ಕೂರಿಸಿಕೊಂಡು ಹಿಂಡಿನ ಪಕ್ಕಕ್ಕೇ ಹೋಗುತ್ತಿದ್ದರು. ಮೊಗಲರ ಕಾಲದ ದಾಖಲೆಗಳಲ್ಲಿ ಇನ್ನೂ ಜಾಣ ಉಪಾಯವಿದೆ. ಪಳಗಿಸಿದ ಗಂಡು ಚಿಗರಿಯ ಕೊಂಬಿಗೆ ಉರುಳು ಕಟ್ಟಿ ಬಿಡುವುದು. ಕಾಡಿನ ಗಂಡು ಅದರ ಮೇಲೆ ಕಾದಾಟಕ್ಕೆ ಬಂದು ಸಿಕ್ಕಿಬೀಳುತ್ತಿತ್ತು. ಹೈದರಾಬಾದಿನ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಹುಲಿ ಬೇಟೆಗೆ ಹೆಸರಾದವರು. ಆ ಕಾಲದ ಹುಲಿ ಶಿಕಾರಿ ಅಂದರೆ ಕೋಣದ ಕರು ಕಟ್ಟಿ, ಮರದ ಮೇಲೆ ಅಟ್ಟಣೆ ಹಾಕಿ ಕೂರುವುದು, ಇಲ್ಲವೇ ನೂರಾರು ಆಳುಗಳಿಂದ ಕಾಡನ್ನು ಸೋಹಿಸುವುದು, ಅಂದರೆ ಗದ್ದಲ ಮಾಡಿ ಪ್ರಾಣಿಯನ್ನು ಹೊರಗೆ ಓಡಿಸುವುದು. ಮೋಸ ಹೊಸದಲ್ಲ. ಅದನ್ನು ಮಾಡಬಲ್ಲವರ ಸಂಖ್ಯೆ ಹೊಸದು.

ಸಂಖ್ಯೆ ಹೆಚ್ಚಿದಾಗ ಏನಾಗುತ್ತದೆ ಅನ್ನುವುದಕ್ಕೆ ಜೀಪು ಸಾಕ್ಷಿ. ಎರಡನೇ ಮಹಾಯುದ್ಧದ ನಂತರ ಅದು ಎಲ್ಲ ಕಡೆ ಬಂತು. ಬಯಲಿನ ಪ್ರಾಣಿಗಳಿಗೆ ಓಟವೇ ರಕ್ಷಣೆ. ಜೀಪಿನ ಮುಂದೆ ಆ ಓಟ ಕೆಲಸಕ್ಕೆ ಬರಲಿಲ್ಲ. ಎರೆ ಬಯಲಿನ ದೊಡ್ಡ ಹಕ್ಕಿ ಎರೆಭೂತ ನಮ್ಮ ಸೀಮೆಯಿಂದ ಕಾಣೆಯಾಗಿದ್ದಕ್ಕೆ ಹುಲ್ಲುಗಾವಲು ಹೋದದ್ದು ಒಂದು ಕಾರಣ, ಬಂದೂಕು ಮತ್ತು ವಾಹನ ಇನ್ನೊಂದು. 1947ರಲ್ಲಿ ಇಂದಿನ ಛತ್ತೀಸಗಢದ ಕೊರಿಯಾ ಸಂಸ್ಥಾನದ ರಾಜ ಮೂರು ಚೀತಾಗಳನ್ನು ಕೊಂದರು. ಭಾರತದ ಕೊನೆಯ ಚೀತಾಗಳು ಅಂತ ದಾಖಲಾಗಿರುವುದು ಅವೇ. ಹೊಡೆದದ್ದು ರಾತ್ರಿ, ವಾಹನದ ದೀಪದ ಬೆಳಕಿನಲ್ಲಿ. ಐದು ವರ್ಷದ ನಂತರ ಚೀತಾ ಅಳಿದಿದೆ ಅಂತ ಸರ್ಕಾರ ಘೋಷಿಸಿತು. ರಾತ್ರಿ, ವಾಹನ, ದೀಪ ಮೂರೂ 1972ರ ಷರತ್ತುಗಳಲ್ಲಿ ಸೇರಿದ್ದು ಕಾಕತಾಳೀಯ ಇರಲಾರದು.

ಹಾಗಾದರೆ ಯಂತ್ರವೇ ತಪ್ಪೋ? ಇಲ್ಲಿ ನನಗೆ ಅಮೆರಿಕದವರ ಇನ್ನೆರಡು ನಿಯಮಗಳು ಕಣ್ಣು ತೆರೆಸಿದವು. ಅಲ್ಲಿ ವಲಸೆ ಬಾತು, ಹೆಬ್ಬಾತುಗಳ ಬೇಟೆಯಲ್ಲಿ ಕಾಳು ಚೆಲ್ಲುವುದನ್ನೂ ಜೀವಂತ ಬಾತನ್ನು ಕಟ್ಟಿ ಕರೆಯುವುದನ್ನೂ 1935ರಲ್ಲೇ ನಿಷೇಧಿಸಿದ್ದಾರೆ. ಧ್ವನಿಮುದ್ರಿತ ಕೂಗು ಹಾಕುವ ಹಾಗೂ ಇಲ್ಲ. ಆದರೆ 1999ರಲ್ಲಿ ಬಿಳಿ ಹೆಬ್ಬಾತುಗಳ ಸಂಖ್ಯೆ ವಿಪರೀತ ಏರಿ, ಉತ್ತರದ ಹುಲ್ಲುಗಾವಲೇ ಹಾಳಾಗತೊಡಗಿತು. ಆಗ ಆ ಒಂದು ಹಕ್ಕಿಗೆ ಮಾತ್ರ ಯಂತ್ರದ ಕೂಗನ್ನು ಬಳಸಲು ಅನುಮತಿ ಕೊಟ್ಟರು. ಟೆಕ್ಸಾಸಿನಲ್ಲಿ ಬೆಳೆ ತಿನ್ನುವ ಕಾಡುಹಂದಿಯನ್ನು 2011ರಿಂದ ಹೆಲಿಕಾಪ್ಟರಿನಿಂದಲೂ ಹೊಡೆಯಬಹುದು. ಅದೇ ಹೆಲಿಕಾಪ್ಟರಿನಿಂದ ಜಿಂಕೆ ಹೊಡೆದರೆ ಕೇಸು. ಉಪಕರಣ ಅದೇ, ನಿಯಮ ಬೇರೆ. ಯಾಕೆಂದರೆ ಉದ್ದೇಶ ಬೇರೆ.

ಆಟಕ್ಕೆ ಬೇಟೆಯಾಡುವವನಿಗೆ ‘ಪ್ರಾಣಿಗೆ ಅವಕಾಶ ಇತ್ತೇ’ ಅಂತ ಕೇಳಬೇಕು. ಬೆಳೆ ಉಳಿಸಲು ಕೊಲ್ಲುವವನಿಗೆ ಆ ಪ್ರಶ್ನೆ ಅರ್ಥವಿಲ್ಲದ್ದು. ಹಂದಿಗೆ ತಪ್ಪಿಸಿಕೊಳ್ಳುವ ಅವಕಾಶ ಕೊಟ್ಟು ರೈತನಿಗೆ ಆಗಬೇಕಾದ್ದೇನು? ಅವನಿಗೆ ಕೇಳಬೇಕಾದ್ದು ಬೇರೆ: ಸರಿಯಾದ ಪ್ರಾಣಿಯೇ ಸತ್ತಿತೇ, ಬೇಗ ಸತ್ತಿತೇ, ಬೇರೆ ಯಾರಿಗೂ ಏನೂ ಆಗಲಿಲ್ಲವೇ? ಈ ಎರಡು ಪ್ರಶ್ನೆಗಳನ್ನು ನಾವು ಕಲಸಿಬಿಟ್ಟಿದ್ದೇವೆ.

ಈ ಎರಡನೇ ಅಳತೆಯಲ್ಲಿ ನೋಡಿದರೆ ದುಬಾರಿ ಯಂತ್ರಕ್ಕಿಂತ ಅಗ್ಗದ ಆಮಿಷವೇ ಕೆಟ್ಟದ್ದು. ಶಾಖ ಹಿಡಿದು ತೋರಿಸುವ ದುರ್ಬೀನು ಇದ್ದವನಿಗೆ ಎದುರಿಗಿರುವುದು ಹಂದಿಯೋ ಕುರಿಗಾಹಿಯ ನಾಯಿಯೋ ಗೊತ್ತಾಗುತ್ತದೆ. ಮರಿಗಳ ಜೊತೆಗಿದ್ದರೆ ಬಿಡಬಹುದು. ಆಮಿಷದ ಉಂಡೆಯೊಳಗಿಟ್ಟ ಸಿಡಿಮದ್ದಿಗೆ ಕಣ್ಣಿಲ್ಲ. ಹಂದಿ ಅದನ್ನು ಕಚ್ಚಿದರೆ ಒಮ್ಮೆಲೇ ಸಾಯುವುದಿಲ್ಲ. ದವಡೆ ಛಿದ್ರವಾಗಿ, ನೀರು ಕುಡಿಯಲಾಗದೆ, ದಿನಗಟ್ಟಲೆ ಅಲೆದು ಸಾಯುತ್ತದೆ. ಹಂದಿಗೆ ಇಟ್ಟದ್ದನ್ನು ಮೇಯಲು ಹೋದ ಆಕಳು ಕಚ್ಚಬಹುದು, ನಾಯಿ ಕಚ್ಚಬಹುದು, ಮಕ್ಕಳು ಚೆಂಡು ಅಂತ ಎತ್ತಿಕೊಳ್ಳಬಹುದು. 2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಗರ್ಭಿಣಿ ಆನೆಯೊಂದು ಸಿಡಿಮದ್ದು ತುಂಬಿದ ಕಾಯಿ ತಿಂದು, ನದಿಯಲ್ಲಿ ನಿಂತೇ ಸತ್ತದ್ದು ನೆನಪಿರಬೇಕು. ಇಡೀ ದೇಶ ಕಣ್ಣೀರು ಹಾಕಿತು. ನಮ್ಮ ಹೊಲಗಳಲ್ಲಿ ಹಂದಿ ಹಾಗೇ ಸತ್ತರೆ ಸುದ್ದಿಯೂ ಆಗುವುದಿಲ್ಲ.

ಕ್ಲಚ್ ವೈರಿನ ಉರುಳೂ ಹೀಗೇ. ಹಾಕಿದವನು ಮನೆಗೆ ಹೋಗಿ ಮಲಗುತ್ತಾನೆ. ಅದರಲ್ಲಿ ತೋಳ ಬೀಳಬಹುದು, ಕತ್ತೆಕಿರುಬ ಬೀಳಬಹುದು, ಪಕ್ಕದ ಹೊಲದವರ ಕರು ಬೀಳಬಹುದು. ಬೀಳುವುದನ್ನು ಆರಿಸುವ ಮನುಷ್ಯ ಅಲ್ಲಿಲ್ಲ. ಬೇಲಿಗೆ ಕರೆಂಟು ಬಿಡುವುದು ಇನ್ನೂ ಅಪಾಯ. ಪಂಪ್‌ಸೆಟ್ಟಿಗೆ ಎಷ್ಟೋ ಕಡೆ ರಾತ್ರಿ ಹೊತ್ತು ಕರೆಂಟು ಕೊಡುತ್ತಾರೆ. ನೀರು ಕಟ್ಟಲು ಕತ್ತಲಲ್ಲಿ ಬದುವಿನ ಮೇಲೆ ನಡೆಯುವವರು ರೈತರೇ. ಹಂದಿಗೆ ಎಳೆದ ತಂತಿಗೆ ಮೊದಲು ಕಾಲು ತಾಗುವುದು ಬೇಕಾದರೆ ಅಣ್ಣನದ್ದೇ ಇರಬಹುದು, ಪಕ್ಕದ ಹೊಲದ ಮಾಮಾನದ್ದೇ ಇರಬಹುದು.

ಆಮಿಷದ ಇನ್ನೊಂದು ತೊಂದರೆ ಕಾಣುವುದು ನಿಧಾನಕ್ಕೆ. ಒಂದೇ ಜಾಗದಲ್ಲಿ ತಿಂಡಿ ಇಟ್ಟರೆ ಪ್ರಾಣಿಗಳು ಗುಂಪು ಸೇರುತ್ತವೆ, ಜೊಲ್ಲು ಬೆರೆಯುತ್ತದೆ, ರೋಗ ಹರಡುತ್ತದೆ. ಜಿಂಕೆಗಳ ಮೆದುಳು ತಿನ್ನುವ ಒಂದು ರೋಗ ಹರಡುತ್ತಿದೆ ಅಂತಲೇ ಅಮೆರಿಕದ ಮಿಷಿಗನ್ ರಾಜ್ಯ 2019ರಲ್ಲಿ ತನ್ನ ದಕ್ಷಿಣ ಭಾಗದಲ್ಲಿ ಆಮಿಷ ಇಡುವುದನ್ನು ನಿಲ್ಲಿಸಿತು. ನಮ್ಮಲ್ಲಿ ಹಂದಿಗಳಿಗೆ ಆಫ್ರಿಕನ್ ಹಂದಿ ಜ್ವರದ ಭಯವಿದೆ. 2020ರಲ್ಲಿ ಅದು ಮೊದಲ ಸಲ ಭಾರತಕ್ಕೆ ಕಾಲಿಟ್ಟಿತು. ಸಾಕುಹಂದಿಯನ್ನೇ ನಂಬಿ ಬದುಕುವ ಮನೆಗಳು ನಮ್ಮ ಊರುಗಳಲ್ಲೂ ಇವೆ.

ಸಂಪ್ರದಾಯದ ಮಾತೂ ಬರುತ್ತದೆ. ಸುರಪುರ ಸೀಮೆಯ ಬೇಡರ ಚರಿತ್ರೆ ದೊಡ್ಡದು, ಅದರ ಬಗ್ಗೆ ಹೆಮ್ಮೆ ಸಹಜ. ಹಬ್ಬಕ್ಕೆ ಬೇಟೆಗೆ ಹೋಗುವ ರೂಢಿ ನಮ್ಮ ಉತ್ತರ ಕರ್ನಾಟಕದ ಹಲವು ಊರುಗಳಲ್ಲಿತ್ತು. ಆದರೆ ಬೈಕು, ಎಲ್‌ಇಡಿ, ವಾಟ್ಸ್ಆ್ಯಪ್ ಗ್ರೂಪು ಹಿಡಿದು ಹೊರಟವರು ‘ಅಜ್ಜನ ಕಾಲದಿಂದ ಬಂದದ್ದು’ ಅಂದರೆ ನಾನು ಒಪ್ಪುವುದಿಲ್ಲ. ಅಜ್ಜನ ಬೇಟೆಯಲ್ಲಿ ಅಜ್ಜನಿಗೂ ಸೋಲು ಇತ್ತು. ಮತ್ತೊಂದು ಕಡೆ, ಎಲ್ಲಾದರೂ ಚಿಗರಿ ಸತ್ತರೆ ಮೊದಲ ಅನುಮಾನ ಹಿಂದೆ ಬೇಟೆಯೇ ಕಸುಬಾಗಿದ್ದ ಹರಣಶಿಕಾರಿ, ಪಾರ್ಧಿ ಸಮುದಾಯಗಳ ಮೇಲೆ ಹೋಗುತ್ತದೆ. ಬ್ರಿಟಿಷರು 1871ರಲ್ಲಿ ಇಂಥ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಕಾನೂನಿನಲ್ಲಿ ಬರೆದರು. 1952ರಲ್ಲಿ ಆ ಹಣೆಪಟ್ಟಿ ತೆಗೆದರೂ ಕಣ್ಣಿನ ಅನುಮಾನ ಹೋಗಿಲ್ಲ. ಇವತ್ತಿನ ಬೇಟೆಗೆ ಯಾವ ಜಾತಿಯ ಕಸುಬೂ ಬೇಕಿಲ್ಲ. ಮೊಬೈಲು, ಬೈಕು, ಒಂದು ರಾತ್ರಿಯ ಮೋಜಿನ ಹಟ ಇದ್ದರೆ ಸಾಕು. ಅಂಥವರು ಸಿಕ್ಕಿಬೀಳುವುದೂ ಮೊಬೈಲಿನಿಂದಲೇ. ಹೊಡೆದ ಪ್ರಾಣಿಯ ಜೊತೆ ವಿಡಿಯೊ ಹಾಕದೆ ಇರಲು ಆಗುವುದಿಲ್ಲ ಅವರಿಗೆ.

ಕಾನೂನಿನಲ್ಲಿ ದಾರಿ ಇಲ್ಲ ಅಂತಲ್ಲ. 11ನೇ ಸೆಕ್ಷನ್ನಿನಲ್ಲಿ, ಜನರ ಜೀವಕ್ಕೋ ನಿಂತ ಬೆಳೆಗೋ ಅಪಾಯ ಇದ್ದರೆ, ಕಾಡುಹಂದಿಯಂಥ ಎರಡನೇ ಪಟ್ಟಿಯ ಪ್ರಾಣಿಯನ್ನು ಕೊಲ್ಲಲು ಅಧಿಕಾರಿ ಕಾರಣ ಬರೆದು ಅನುಮತಿ ಕೊಡಬಹುದು. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯತಿ, ನಗರಸಭೆಗಳ ಮುಖ್ಯಸ್ಥರ ತನಕ ತಂದಿತು. ಜೊತೆಗೆ ಒಂದು ಷರತ್ತು ಹಾಕಿತು: ವಿಷ, ಸಿಡಿಮದ್ದು, ಕರೆಂಟು ಬಳಸುವ ಹಾಗಿಲ್ಲ. ಬಂದೂಕು ಹಿಡಿಯುವುದಾದರೆ ಲೈಸೆನ್ಸ್ ಇರುವವರೇ ಹಿಡಿಯಬೇಕು. ಅಲ್ಲಿ ಹಂದಿಯ ಕಾಟ ಮುಗಿದಿಲ್ಲ, ಆದರೆ ಆ ಷರತ್ತು ಸರಿಯಾದದ್ದು. 1991ರಲ್ಲಿ ಹೊರಗೆ ಹೋದ ಹಳೆಯ ಸೆಕ್ಷನ್ನಿನ ಒಂದು ತುಂಡು ಹಿಂಬಾಗಿಲಿನಿಂದ ಮತ್ತೆ ಒಳಗೆ ಬಂದಂತಾಯಿತು.

ನಮ್ಮ ಮೂರು ಜಿಲ್ಲೆಗೂ ಇಂಥ ಅನುಮತಿ ಬಂದರೆ, ಹಳೆಯ ಷರತ್ತುಗಳನ್ನು ಹಾಗೇ ಎತ್ತಿ ಹಾಕಿದರೆ ಆಗುವುದಿಲ್ಲ. ರಾತ್ರಿ ಬೇಡ, ದೀಪ ಬೇಡ ಅಂದರೆ ಹಂದಿ ಸಿಗುವುದೇ ಇಲ್ಲ. ಅದು ಹೊಲಕ್ಕೆ ಬರುವುದೇ ರಾತ್ರಿ. ದೀಪ, ದುರ್ಬೀನು ಇರಲಿ, ಶಾಖ ತೋರಿಸುವ ಕ್ಯಾಮೆರಾ ಕೂಡ ಇರಲಿ. ಇಲಾಖೆಯ ಜೊತೆ ಹೋಗುವ, ಗುರಿ ಕಲಿತ ಕೆಲವರ ಕೈಯಲ್ಲಿ ಇರಲಿ. ನಾಡಬಂದೂಕಿನಿಂದ ಹತ್ತು ಹಂದಿಗೆ ಗಾಯ ಮಾಡುವುದಕ್ಕಿಂತ ಒಳ್ಳೆಯ ರೈಫಲಿನಿಂದ ಎರಡನ್ನು ಕೊಲ್ಲುವುದು ಹಂದಿಗೂ ಮೇಲು, ರೈತನಿಗೂ ಮೇಲು. ನೀರಿನ ಗುಂಡಿಯ ಹತ್ತಿರ ಮಾತ್ರ ಬೇಡ, ಅಲ್ಲಿಗೆ ಹಂದಿಯೊಂದೇ ಬರುವುದಿಲ್ಲ. ಉರುಳು, ಉಂಡೆ, ತಂತಿ ಈ ಮೂರಕ್ಕೆ ಯಾವ ಕಾರಣಕ್ಕೂ ಅನುಮತಿ ಕೊಡಬಾರದು. ಇದರ ಜೊತೆಗೆ ಬೆಳೆ ಹಾನಿಯ ಪರಿಹಾರ ಬೇಗ ಸಿಗಬೇಕು. ತೊಗರಿ ರಾಶಿ ಮುಗಿದು ಮುಂದಿನ ಬಿತ್ತನೆ ಬಂದರೂ ದುಡ್ಡು ಬರದಿದ್ದರೆ, ರೈತ ಅನುಮತಿ ಪತ್ರಕ್ಕೆ ಕಾಯುವುದಿಲ್ಲ, ಮೋಟಾರಿನ ಡಬ್ಬಿಯಿಂದ ಬೇಲಿಗೆ ವೈರು ಎಳೆಯುತ್ತಾನೆ.